ಬ್ಯಾಂಕ್ ಬೇಡ ಅಂದಿದ್ದು ನಿಮಗಾ, ಮನೆಗಾ?

(ಗುರುತು ಸಿಗದ ಹಾಗೆ ಕೆಲಸ, ಊರು, ಮೊತ್ತಗಳನ್ನು ಸ್ವಲ್ಪ ಬದಲಿಸಿದ್ದೇನೆ.)

ನನ್ನ ಕೌನ್ಸೆಲಿಂಗ್ ರೂಮಿಗೆ ಗಂಡ ಹೆಂಡತಿ ಇಬ್ಬರೂ ಬಂದು ಕೂತರು, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು. ಆ ಕುರ್ಚಿಯ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಫೈಲು. ಕಾಗದ ಜಾಸ್ತಿಯಾಗಿ ಬಟನ್ ಕೂರದೆ ರಬ್ಬರ್ ಬ್ಯಾಂಡ್ ಸುತ್ತಿದ್ದರು.

ಗಂಡನಿಗೆ 39 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಕೆಲಸ. ಹೆಂಡತಿಗೆ 35, ಖಾಸಗಿ ಶಾಲೆಯಲ್ಲಿ ಟೀಚರ್. ಆರನೇ ಕ್ಲಾಸಿನ ಮಗಳಿದ್ದಾಳೆ. ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಬೆಂಗಳೂರಿನ ಪಶ್ಚಿಮದ ಕಡೆ 62 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್ ಒಪ್ಪಿಕೊಂಡು, 5 ಲಕ್ಷ ಅಡ್ವಾನ್ಸ್ ಕೊಟ್ಟು ಕರಾರು ಪತ್ರ ಮಾಡಿಕೊಂಡಿದ್ದರು. ಆ ಐದರಲ್ಲಿ ಮೂರು ಲಕ್ಷ ಆಕೆಯ ಒಡವೆ ಅಡ ಇಟ್ಟು ತಂದದ್ದು.

ಹೋಮ್ ಲೋನ್ ರಿಜೆಕ್ಟ್ ಆಗಿ 40 ದಿನ ಆಗಿತ್ತು. ಆಕೆಗೆ ಗೊತ್ತಾಗಿ 12 ದಿನ. ನಡುವಿನ ಆ 28 ದಿನವೇ ಇವರನ್ನು ನನ್ನ ಹತ್ತಿರ ಕರೆತಂದದ್ದು.

"ಬ್ಯಾಂಕಿನವರು ಟೈಮ್ ತಗೋತಿದ್ದಾರೆ ಅಂತ ಹೇಳ್ತಾ ಬಂದೆ ಮೇಡಂ. ಅಷ್ಟರಲ್ಲಿ ಬೇರೆ ಎಲ್ಲಾದ್ರೂ ಆಗುತ್ತೆ ಅಂದ್ಕೊಂಡೆ," ಅಂದರು ಗಂಡ. ಅಷ್ಟರಲ್ಲಿ ಅವರು ಇನ್ನೂ ಐದು ಕಡೆ ಅರ್ಜಿ ಹಾಕಿದ್ದರು. ಅದರಲ್ಲಿ ಎರಡು ರಾತ್ರಿ ಹನ್ನೊಂದರ ಮೇಲೆ, ಹಾಸಿಗೆಯಲ್ಲಿ ಮಲಗಿಕೊಂಡೇ ಮೊಬೈಲಿನಲ್ಲಿ.

ಆಕೆಗೆ ವಿಷಯ ತಿಳಿದಿದ್ದು ಫ್ಲ್ಯಾಟ್ ಮಾಲೀಕರಿಂದ. ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದಾಗ ಫೋನ್ ಬಂತು. "ಏನಮ್ಮಾ, ಲೋನ್ ಆಗ್ಲಿಲ್ವಂತೆ?" ಅಂದರಂತೆ. ಅದನ್ನು ನನಗೆ ಹೇಳುವಾಗ ಆಕೆ ಪರ್ಸಿನಿಂದ ಒಂದು ಹಳೇ ಗ್ಯಾಸ್ ಬಿಲ್ ತೆಗೆದರು. ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕಿಟಕಿಗಳ ಅಳತೆ. ಹಾಲ್, ಮಗಳ ರೂಮು, ಅಡುಗೆಮನೆ. ಪರದೆ ಹೊಲಿಸೋಕೆ ಅಂತ ಬರೆದಿಟ್ಟುಕೊಂಡಿದ್ದರು.

ಸಾಮಾನ್ಯವಾಗಿ ನಾನು ಮೊದಲು ಮನಸ್ಸಿನ ಮಾತು ಕೇಳುತ್ತೇನೆ, ಕಾಗದ ಪತ್ರ ಆಮೇಲೆ. ದುಡ್ಡಿನ ಜಗಳದಲ್ಲಿ ಮಾತ್ರ ಇದನ್ನು ಉಲ್ಟಾ ಮಾಡುತ್ತೇನೆ. ಕಾರಣ ಗೊತ್ತಿಲ್ಲದಿರುವಾಗ ಪ್ರತಿಯೊಬ್ಬರೂ ಆ ಖಾಲಿ ಜಾಗಕ್ಕೆ ತಮ್ಮ ತಮ್ಮ ಭಯವನ್ನೇ ತುಂಬುತ್ತಾರೆ. ಈ ಗಂಡ ತುಂಬಿದ್ದು "ನನ್ನ ಯೋಗ್ಯತೆಯೇ ಇಷ್ಟು" ಅಂತ. ಹೆಂಡತಿ ತುಂಬಿದ್ದು "ಇವರು ಇನ್ನೆಲ್ಲೋ ಸಾಲ ಮಾಡಿ ಮುಚ್ಚಿಟ್ಟಿದ್ದಾರೆ" ಅಂತ.

ಹಾಗಾಗಿ ಕೇಳಿದೆ. "ಬ್ಯಾಂಕ್ ಬೇಡ ಅಂದಿದ್ದು ನಿಮಗಾ, ಮನೆಗಾ?"

ಇಬ್ಬರೂ ಮೊದಲ ಸಲ ಒಟ್ಟಿಗೆ ತಲೆ ಎತ್ತಿದರು.

ಹೋಮ್ ಲೋನ್ ಫೈಲು ಎರಡು ಬಾಗಿಲು ದಾಟಬೇಕು. ಒಂದು ಸಾಲ ಕೇಳುವವರದ್ದು: ಸಂಬಳ, ಈಗಿರುವ ಕಂತುಗಳು, ಹಿಂದಿನ ಸಾಲ ಕಟ್ಟಿದ ರೀತಿ. ಇನ್ನೊಂದು ಆಸ್ತಿಯದ್ದು: ಕ್ರಯಪತ್ರ, ಇಸಿ (ಆಸ್ತಿಯ ಮೇಲಿನ ಋಣ ತೋರಿಸುವ ಪತ್ರ), ಖಾತಾ (ಪಾಲಿಕೆಯ ಆಸ್ತಿ ತೆರಿಗೆ ದಾಖಲೆ), ಪ್ಲಾನ್ ಮಂಜೂರಾತಿ, ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪತ್ರ). ಯಾವ ಬಾಗಿಲಲ್ಲಿ ನಿಂತಿತು ಅಂತ ತಿಳಿಯದೆ ಮುಂದಿನ ಬ್ಯಾಂಕಿಗೆ ಓಡಿದರೆ ಅಲ್ಲೂ ಅದೇ ಹೊಸಿಲು ಎಡವುತ್ತೀರಿ. ಇವರ ಕೈಲಿದ್ದದ್ದು ಲೋನ್ ಏಜೆಂಟ್ ಫೋನಿನಲ್ಲಿ ಹೇಳಿದ "ಸಿಬಿಲ್ ಪ್ರಾಬ್ಲಂ ಸಾರ್" ಅನ್ನುವ ಒಂದೇ ಮಾತು.

ಮೊದಲ ದಿನದ ಸಲಹೆ ಇಷ್ಟೇ. ಹೊಸ ಅರ್ಜಿ ಪೂರ್ತಿ ಬಂದ್. ಪ್ರತಿ ಅರ್ಜಿಗೂ ಸಾಲ ಕೊಡುವವರು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲ ಕಟ್ಟಿದ ಇತಿಹಾಸ, ತೆಗೆದು ನೋಡುತ್ತಾರೆ, ಅದು ಅಲ್ಲಿ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಆರು ಸಲ ಆದರೆ "ಈತನಿಗೆ ದುಡ್ಡಿನ ತುರ್ತು ಜಾಸ್ತಿ ಇದೆ" ಅಂತ ಓದಿಕೊಳ್ಳುತ್ತಾರೆ. ಎರಡನೆಯದು, ಬೇಡ ಅಂದವರಿಗೆ ಕಾರಣ ಬರೆದು ಕೊಡಿ ಅಂತ ಇಮೇಲ್ ಮಾಡುವುದು. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲೇ ಇದೆ. ಕೇಳುವುದಕ್ಕೆ ಸಂಕೋಚ ಬೇಡ. ಮೂರನೆಯದು, ಕ್ರೆಡಿಟ್ ರಿಪೋರ್ಟ್ ನೀವೇ ತೆಗೆಯುವುದು. ನಮ್ಮಲ್ಲಿ ಎಲ್ಲದಕ್ಕೂ ಸಿಬಿಲ್ ಅಂದುಬಿಡುತ್ತೇವೆ. ನಿಜವಾಗಿ ಈ ರಿಪೋರ್ಟ್ ಇಡುವ ಕಂಪನಿಗಳು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕರಲ್ಲೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ. ನಮ್ಮ ರಿಪೋರ್ಟ್ ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ.

ಹೊರಡುವಾಗ ಗಂಡ ನಗುತ್ತಲೇ ಅಂದರು, "ಒಂದ್ಸಲ ಯಾವುದೂ ಬೇಡ ಅನ್ಸಿಬಿಟ್ಟಿತ್ತು ಮೇಡಂ." ಇಂಥ ಮಾತನ್ನು ನಾನು ದಾಟಿಸಿ ಹೋಗುವುದಿಲ್ಲ. ಮತ್ತೆ ಕೂರಿಸಿ ನೇರವಾಗಿ ಕೇಳಿದೆ, ಸಾಯಬೇಕು ಅನ್ನಿಸಿತ್ತಾ ಅಂತ. ಒಂದು ರಾತ್ರಿ ಅನ್ನಿಸಿತ್ತಂತೆ, ಈಗ ಇಲ್ಲ. ಹೆಂಡತಿಯ ಎದುರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆಕೆ ಆ ದಿನ ಖಾಲಿ ಕುರ್ಚಿಯ ಫೈಲನ್ನು ತಾವೇ ಎತ್ತಿಕೊಂಡರು.

ಎರಡನೇ ಸಲ ಬಂದಾಗ ರಿಪೋರ್ಟಿನ ಪ್ರಿಂಟ್ ತಂದಿದ್ದರು. ಸ್ಕೋರ್ 648. 300ರಿಂದ 900ರವರೆಗಿನ ಅಳತೆಯಲ್ಲಿ 750 ದಾಟಿದರೆ ಬ್ಯಾಂಕಿನವರ ಮುಖ ಅರಳುತ್ತದೆ. ನಾನು ಸ್ಕೋರ್ ಬಿಟ್ಟು ಒಳಗಿನ ಪುಟಕ್ಕೆ ಹೋಗಿ ಅಂದೆ. ಅಲ್ಲಿ ಪ್ರತಿ ಸಾಲಕ್ಕೂ ತಿಂಗಳ ಲೆಕ್ಕದಲ್ಲಿ ಪುಟ್ಟ ಪುಟ್ಟ ಮನೆಗಳು. ಕಂತು ಸರಿಯಾಗಿ ಕಟ್ಟಿದ ತಿಂಗಳಿಗೆ 000. ತಡವಾದರೆ ಎಷ್ಟು ದಿನ ತಡ ಅನ್ನುವ ಸಂಖ್ಯೆ. ಆಕೆ ಟೀಚರ್ ಅಲ್ವಾ, ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ ಬೆರಳಿಟ್ಟು ಓದುತ್ತಾ ಹೋದರು. 000, 000, 000. ಬೈಕ್ ಲೋನ್, ಫ್ರಿಜ್ ಕಂತು, ಎಲ್ಲ ಸೊನ್ನೆ. ಆಮೇಲೆ ಬೆರಳು ನಿಂತಿತು. 030, 060, 090.

"ಇದು ಯಾವ ಗಾಡಿ ರೀ? ನಮ್ಮ ಹತ್ರ ಇಲ್ವಲ್ಲ?"

ಗಂಡ ಸುಮ್ಮನೆ ಕೂತಿದ್ದರು. ಆ ಸಾಲಿನ ಮುಂದೆ "ಜಾಮೀನುದಾರ" ಅನ್ನುವ ಅರ್ಥದ ಇಂಗ್ಲಿಷ್ ಪದ ಅಚ್ಚಾಗಿತ್ತು. ಅರಸೀಕೆರೆ ಕಡೆ ಇರುವ ಅಣ್ಣ ತೆಂಗಿನಕಾಯಿ ಸಾಗಿಸಲು ಗೂಡ್ಸ್ ಗಾಡಿ ತೆಗೆದುಕೊಂಡಿದ್ದರು. ಅದಕ್ಕೆ ಈ ತಮ್ಮ ಜಾಮೀನು ಸಹಿ ಹಾಕಿದ್ದು ಮೂರು ವರ್ಷದ ಹಿಂದೆ. ಮನೆಯಲ್ಲಿ ಹೇಳಿರಲಿಲ್ಲ. ಅಣ್ಣ ನಾಲ್ಕು ಕಂತು ಬಾಕಿ ಉಳಿಸಿದ್ದರು. ಅದು ತಮ್ಮನಿಗೂ ಗೊತ್ತಿರಲಿಲ್ಲ.

ಜಾಮೀನು ಅಂದರೆ ಸಾಕ್ಷಿ ಸಹಿ ಅಂತ ನಮ್ಮಲ್ಲಿ ತುಂಬ ಜನ ತಿಳಿದಿದ್ದಾರೆ. ಅಲ್ಲ. ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ, ಕಾನೂನಿನಲ್ಲೇ ಹಾಗಿದೆ. ಕಂತು ತಪ್ಪಿದರೆ ಅದು ಇಬ್ಬರ ರಿಪೋರ್ಟಿನಲ್ಲೂ ಕೂರುತ್ತದೆ.

"ಅಣ್ಣ ನನ್ನ ಬಿಕಾಂ ಫೀಸು ಕಟ್ಟಿದ್ದು ಎಮ್ಮೆ ಮಾರಿ. ಸಹಿ ಹಾಕಲ್ಲ ಅಂತ ಹೇಗೆ ಹೇಳಲಿ?" ಅಂದರು ಅವರು.

ಆಕೆ ಕೊಟ್ಟ ಉತ್ತರ ನನಗಿನ್ನೂ ನೆನಪಿದೆ. "ಹಾಕ್ಬೇಡಿ ಅಂತ ನಾನೂ ಅಂತಿರ್ಲಿಲ್ಲ. ನನ್ನ ಬಳೆ ಅಡ ಇಡುವಾಗ ಹೇಳ್ಬೋದಿತ್ತಲ್ಲ?"

ಇಲ್ಲಿಂದ ಎರಡು ಸಿಟ್ಟಿಂಗ್ ಇದೇ ಮಾತು. ಆಕೆಯ ಸಿಟ್ಟು ಸಾಲದ ಮೇಲಲ್ಲ, ಮುಚ್ಚಿಟ್ಟದ್ದರ ಮೇಲೆ. ಇದನ್ನು ಬೇರೆ ಮಾಡಿಕೊಳ್ಳದಿದ್ದರೆ ಗಂಡ ಪ್ರತಿ ಸಲ ಅಣ್ಣನನ್ನು ಸಮರ್ಥಿಸುತ್ತಾ ಕೂರುತ್ತಾರೆ, ಹೆಂಡತಿ ಕೇಳಿದ್ದಕ್ಕೆ ಉತ್ತರವೇ ಸಿಗುವುದಿಲ್ಲ. ಅವರಿಗೆ ನಾನು ಹೇಳಿದ್ದು: ಅಣ್ಣನ ಕಥೆ ಬಿಡಿ, ಆ 28 ದಿನ ದಿನಾ ಏನು ಮಾಡಿದಿರಿ ಅಂತ ಒಂದೊಂದೇ ಹೇಳಿ. ಹೇಳಿದರು. ಆಫೀಸಿನಿಂದ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಸುಮ್ನೆ ಕೂತಿರುತ್ತಿದ್ದರಂತೆ, ಮನೆಗೆ ಹೋಗಿ ಮುಖ ನೋಡೋಕೆ ಆಗದೆ.

ಅಣ್ಣ ಒಂದು ಭಾನುವಾರ ಬಂದರು. ಬರುವಾಗ ಒಂದು ಚೀಲ ತೆಂಗಿನಕಾಯಿ. ಮಾತುಕತೆ ಮನೆಯಲ್ಲೇ ಆಗಲಿ, ಆಕೆ ಅಡುಗೆಮನೆಯಲ್ಲಿ ಅಲ್ಲ, ಹಾಲಿನಲ್ಲಿ ಕೂತಿರಲಿ ಅಂತ ನಾನು ಮೊದಲೇ ಹೇಳಿದ್ದೆ. ಬಾಕಿ ಸುಮಾರು 46 ಸಾವಿರ. ಅಣ್ಣ 20 ತಂದಿದ್ದರು, ಉಳಿದದ್ದು ಇವರು ಹಾಕಿದರು. ಫೈನಾನ್ಸಿನವರು ಮಧ್ಯೆ ಒಂದು ಆಸೆ ತೋರಿಸಿದ್ದರು, ಒಂದಿಷ್ಟು ಕಡಿಮೆ ಕಟ್ಟಿ ಪೂರ್ತಿ ಸೆಟಲ್ ಮಾಡಿಕೊಳ್ಳಿ ಅಂತ. ಬೇಡ ಅಂದೆ. "ಸೆಟಲ್ಡ್" ಅಂತ ಬಿದ್ದರೆ ಮುಂದಿನ ಬ್ಯಾಂಕು ಅದನ್ನು ಪೂರ್ತಿ ಕಟ್ಟಿಲ್ಲ ಅಂತಲೇ ಓದುತ್ತದೆ. ಬಾಕಿ ತೀರಿಸಿ, ಕಂತು ಮುಂದುವರಿಸಿ, ರಸೀದಿ ಇಟ್ಟುಕೊಳ್ಳುವುದು ಮೇಲು.

ರಿಪೋರ್ಟಿನಲ್ಲಿ ಒಂದು ನಿಜವಾದ ತಪ್ಪೂ ಇತ್ತು. ಯಾವತ್ತೋ ಮುಚ್ಚಿದ ಕ್ರೆಡಿಟ್ ಕಾರ್ಡಿನಲ್ಲಿ 1,180 ರೂಪಾಯಿ ಬಾಕಿ ಅಂತ ತೋರಿಸುತ್ತಿತ್ತು. ಅದಕ್ಕೆ ಆನ್‌ಲೈನಿನಲ್ಲೇ ತಕರಾರು ಹಾಕಿಸಿದೆ. 30 ದಿನದಲ್ಲಿ ಬಗೆಹರಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಇವರದ್ದು ಮೂರೇ ವಾರದಲ್ಲಿ ಸರಿಯಾಯಿತು. ಅಷ್ಟರಲ್ಲಿ ಯಾರೋ ಒಬ್ಬರು "ಸ್ಕೋರ್ 800 ಮಾಡಿಸಿಕೊಡ್ತೀನಿ, 15 ಸಾವಿರ ಕೊಡಿ" ಅಂತ ಗಂಡನ ಹಿಂದೆ ಬಿದ್ದಿದ್ದರು. ತಪ್ಪಾದ ದಾಖಲೆಯನ್ನು ತಿದ್ದಿಸುವುದು ಪುಕ್ಕಟೆ. ಸರಿಯಾದ ದಾಖಲೆಯನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಮತ್ತೆ 15 ಸಾವಿರ ಯಾವುದಕ್ಕೆ?

ಇಷ್ಟಾಗುವ ಹೊತ್ತಿಗೆ ಬರಹದ ಉತ್ತರಗಳು ಬಂದವು. ಮೊದಲ ಬ್ಯಾಂಕಿನದು ನಿರೀಕ್ಷೆಯಂತೆ ಸಾಲದ ಇತಿಹಾಸ. ಆದರೆ ಐದರಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿ ಈ ಸ್ಕೋರಿಗೂ ಒಪ್ಪಿ, 10.75 ಪರ್ಸೆಂಟ್ ಬಡ್ಡಿಗೆ ಕೊಡುತ್ತೇವೆ ಅಂದಿತ್ತಂತೆ. ಅಲ್ಲಿ ಫೈಲು ಬಿದ್ದದ್ದು ಎರಡನೇ ಬಾಗಿಲಲ್ಲಿ. ಅವರ ವಕೀಲರು ಬರೆದಿದ್ದರು: ಕಟ್ಟಡಕ್ಕೆ ಓಸಿ ಇಲ್ಲ, ಖಾತಾ ಬಿ.

"ಇ-ಖಾತಾ ಇದೆ ಅಂದಿದ್ರು ಮೇಡಂ ಬ್ರೋಕರ್!" ಅಂದರು ಆಕೆ. ಇತ್ತು, ನಿಜ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ. ಆದರೆ ಇ-ಖಾತಾ ಅಂದರೆ ಡಿಜಿಟಲ್ ಖಾತೆ ಅಷ್ಟೇ. ಅದು ದಾಖಲೆ ಸರಿ ಇರುವ ಆಸ್ತಿಯ ಎ ಖಾತೆಗೂ ಬರುತ್ತೆ, ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಯ ಬಿ ಖಾತೆಗೂ ಬರುತ್ತೆ. ಮೇಲಿನ ಹೆಸರು ನೋಡಿ ಖುಷಿಪಟ್ಟು ಕೆಳಗಿನದನ್ನು ಓದದವರನ್ನು ಈ ಒಂದೇ ವರ್ಷದಲ್ಲಿ ನಾಲ್ಕು ಜನ ನೋಡಿದ್ದೇನೆ. ಓಸಿ ವಿಷಯದಲ್ಲಂತೂ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಆ ಪತ್ರ ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು ಅಂತ ಹೇಳಿದೆ. "ಇಲ್ಲಿ ಎಲ್ಲರಿಗೂ ಲೋನ್ ಆಗಿದೆ ಸಾರ್" ಅನ್ನುವ ಬ್ರೋಕರ್ ಮಾತು ಹಿಂದೆ ನಿಜ ಇದ್ದರೂ ಇರಬಹುದು.

ಹೀಗೆ ಬ್ಯಾಂಕುಗಳು ಇಬ್ಬರನ್ನೂ ಬೇಡ ಅಂದಿದ್ದವು. ಇವರನ್ನೂ, ಮನೆಯನ್ನೂ.

ಅಡ್ವಾನ್ಸ್ ವಾಪಸ್ ಪಡೆಯುವುದು ವಕೀಲರ ಕೆಲಸ, ನನ್ನದಲ್ಲ. ಪರಿಚಯದ ಒಬ್ಬರ ಹತ್ತಿರ ಕಳಿಸಿದೆ. ಕರಾರಿನಲ್ಲಿ "ಲೋನ್ ಆಗದಿದ್ದರೆ ಇಷ್ಟು ದಿನದೊಳಗೆ ಅಡ್ವಾನ್ಸ್ ಹಿಂದಿರುಗಿಸಬೇಕು" ಅನ್ನುವ ಒಂದು ಸಾಲು ಇರಲಿಲ್ಲ. ಇದ್ದಿದ್ದರೆ ಕೆಲಸ ಒಂದು ವಾರದ್ದು. ಆದರೆ "ಎಲ್ಲ ದಾಖಲೆಗಳೂ ಕ್ರಮಬದ್ಧವಾಗಿವೆ" ಅಂತ ಮಾಲೀಕರು ಬರೆದುಕೊಟ್ಟಿದ್ದರು. ವಕೀಲರು ಹಿಡಿದದ್ದು ಅದನ್ನೇ. ಎರಡು ತಿಂಗಳ ಎಳೆದಾಟದ ಮೇಲೆ 4 ಲಕ್ಷ ಬಂತು, ಎರಡು ಚೆಕ್ಕಿನಲ್ಲಿ. ಒಂದು ಲಕ್ಷ ಹೋಯಿತು.

ಕೊನೆಯ ಸಿಟ್ಟಿಂಗಿನಲ್ಲಿ ನಾನು ಒಂದು ಕೆಲಸ ಕೊಟ್ಟೆ. ಮನೆಯ ತಿಂಗಳ ಖರ್ಚನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ, ಬಾಡಿಗೆ ಬಿಟ್ಟು. ಗಂಡ, ಅದೂ ಅಕೌಂಟ್ಸ್ ಗಂಡ, ಬರೆದಿದ್ದು 27 ಸಾವಿರ. ಹೆಂಡತಿ 38. ಶಾಲೆ ವ್ಯಾನು, ಅತ್ತೆಯ ಬಿಪಿ ಮಾತ್ರೆ, ಮದುವೆ ಮುಂಜಿ ಮುಯ್ಯಿ ಗಂಡನ ಲೆಕ್ಕದಲ್ಲೇ ಇರಲಿಲ್ಲ. ಇಬ್ಬರ ಸಂಬಳ ಕೈಗೆ ಬರುವುದು 78 ಸಾವಿರ. 62 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ 80 ಪರ್ಸೆಂಟ್ ಕೊಡಬಹುದು, ಅಂದರೆ 49.6 ಲಕ್ಷ. ಆ 10.75ರ ಬಡ್ಡಿಗೆ 20 ವರ್ಷಕ್ಕೆ ಕಂತು ತಿಂಗಳಿಗೆ 50 ಸಾವಿರದ ಮೇಲೆ. ಕೈಯಿಂದ ಹಾಕಬೇಕಾದದ್ದು 12.4 ಲಕ್ಷ. ಅದರ ಮೇಲೆ ಮುದ್ರಾಂಕ, ಸೆಸ್ಸು, ಸರ್‌ಚಾರ್ಜು, ಜೊತೆಗೆ 2025ರ ಆಗಸ್ಟ್ ಕೊನೆಗೆ ಒಂದರಿಂದ ಎರಡು ಪರ್ಸೆಂಟಿಗೆ ಏರಿದ ನೋಂದಣಿ ಶುಲ್ಕ, ಒಟ್ಟು 4.7 ಲಕ್ಷ. ಇದಕ್ಕೆಲ್ಲ ಸಾಲ ಸಿಗುವುದಿಲ್ಲ. ಅಡ್ವಾನ್ಸೂ ಸೇರಿ ಇವರ ಹತ್ತಿರ ಇದ್ದದ್ದು ಒಂಬತ್ತೂವರೆ ಲಕ್ಷ. ಉಳಿದ ಏಳೂವರೆ ಎಲ್ಲಿಂದ ಅಂದೆ.

"ಪರ್ಸನಲ್ ಲೋನ್ ಅಂದ್ಕೊಂಡಿದ್ದೆ," ಅಂದರು ಗಂಡ, ಹೆಂಡತಿಯ ಕಡೆ ನೋಡುತ್ತಾ. ಈ ಸಲ ಮುಚ್ಚಿಡಲಿಲ್ಲ ಅನ್ನುವುದೇ ನನಗೆ ಸಮಾಧಾನ. ಆಕೆ ಹಾಳೆಯಲ್ಲಿ 45 ಲಕ್ಷ ಅಂತ ಬರೆದು ಸುತ್ತು ಹಾಕಿದರು. ಅದಕ್ಕಿಂತ ಮೇಲೆ ಮನೆ ನೋಡುವುದಿಲ್ಲ, ಅದೂ ಒಡವೆ ಬಿಡಿಸಿದ ಮೇಲೆ.

ನೆಂಟರ ಕಾಟ ಒಂದಿತ್ತು. ಗೃಹಪ್ರವೇಶ ಯಾವಾಗ ಅಂತ ಕೇಳುವವರಿಗೆ ಏನು ಹೇಳುವುದು ಅಂತ ಇಬ್ಬರೂ ಒಂದೇ ಮಾತು ಇಟ್ಟುಕೊಳ್ಳಿ ಅಂದೆ. "ಮನೆ ಪೇಪರ್ ಸರಿ ಇರ್ಲಿಲ್ಲ, ಬಿಟ್ವಿ." ಸುಳ್ಳೂ ಅಲ್ಲ, ಊರಿಗೆಲ್ಲ ಬಿಡಿಸಿ ಹೇಳಿದ ಹಾಗೂ ಅಲ್ಲ.

ಎಂಟು ತಿಂಗಳ ಮೇಲೆ ಆಕೆ ಫೋನ್ ಮಾಡಿದ್ದರು. ಸ್ಕೋರ್ 721ಕ್ಕೆ ಬಂದಿದೆ. ಬಳೆ ಮನೆಗೆ ಬಂದಿದೆ, ಸರ ಇನ್ನೂ ಇಲ್ಲ. ಎರಡು ಫ್ಲ್ಯಾಟ್ ನೋಡಿದ್ದಾರೆ, ಎರಡೂ ಕಡೆ ಒಳಗೆ ಕಾಲಿಡುವ ಮೊದಲೇ ಓಸಿ ಪ್ರತಿ ಕೇಳಿದ್ದಾರೆ. ಒಬ್ಬರು ತೋರಿಸಿದರು, ಒಬ್ಬರು ಸಿಟ್ಟು ಮಾಡಿಕೊಂಡರು. ಅಣ್ಣತಮ್ಮ ಮೊದಲಿನಷ್ಟು ಮಾತಾಡುವುದಿಲ್ಲವಂತೆ. ಗೂಡ್ಸ್ ಗಾಡಿಯ ಕಂತು ಇನ್ನೂ ಒಂದು ವರ್ಷ ಇದೆ. ಪ್ರತಿ ತಿಂಗಳು 5ನೇ ತಾರೀಖು ಕಂತು ಕಟ್ಟಿದ ಕೂಡಲೇ ಭಾವ ಅದರ ಸ್ಕ್ರೀನ್‌ಶಾಟ್ ಕಳಿಸುತ್ತಾರಂತೆ. ತಮ್ಮನಿಗಲ್ಲ, ಈಕೆಗೆ.