ವೆಂಟಿಲೇಟರ್ ತೆಗೆದು ಸಿಪ್ಯಾಪ್ ಹಾಕಿದ್ದರ ಬಗ್ಗೆ
ಸರ್, ದಾವಣಗೆರೆಯಲ್ಲಿ 30 ವಾರಕ್ಕೇ ಹುಟ್ಟಿದ ನಿಮ್ಮ ತಂಗಿಯ ಮಗುವಿಗೆ ವೆಂಟಿಲೇಟರ್ ತೆಗೆದು ಸಿಪ್ಯಾಪ್ ಹಾಕಿದ್ದಾರೆ, ಕೈಬಿಟ್ಟರಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಇದು ಒಳ್ಳೆ ಸುದ್ದಿಯೇ. ವೆಂಟಿಲೇಟರ್‌ನಲ್ಲಿ ಗಂಟಲಿನ ಕೊಳವೆಯಿಂದ ಮೆಷಿನ್ನೇ ಗಾಳಿ ತಳ್ಳುತ್ತದೆ. ಅದು ಜಾಸ್ತಿಯಾದರೆ ಎಳೆ ಶ್ವಾಸಕೋಶಕ್ಕೆ ಪೆಟ್ಟು. ಸಿಪ್ಯಾಪ್‌ನಲ್ಲಿ ಮಗು ತಾನೇ ಉಸಿರಾಡುತ್ತದೆ. ಮೂಗಿನ ಮೂಲಕ ಬರುವ ಒತ್ತಡ ಶ್ವಾಸಕೋಶ ಮುಚ್ಚಿಕೊಳ್ಳದಂತೆ ತಡೆಯುತ್ತದೆ, ಅಷ್ಟೇ.

ಪಕ್ಕದಲ್ಲಿ ಸಿಪ್ಯಾಪ್‌ಗೆ ಜೋಡಿಸಿದ ನೀರಿನ ಬಾಟಲಿ ಗುಳುಗುಳು ಅನ್ನುತ್ತಿದೆ ಅಲ್ವಾ? ಗಾಬರಿ ಬೇಡ. ನೀರಿನೊಳಗೆ ಕೊಳವೆ ಎಷ್ಟು ಆಳ ಮುಳುಗಿದೆಯೋ, ಒತ್ತಡ ಸುಮಾರು ಅಷ್ಟು. ಸದ್ದು ನಿಂತರೆ ಮಾತ್ರ ನರ್ಸ್‌ಗೆ ಹೇಳಿ, ಎಲ್ಲೋ ಗಾಳಿ ಸೋರುತ್ತಿರಬಹುದು.

ಆಕ್ಸಿಜನ್ ಜಾಸ್ತಿ ಕೊಡಿ ಅಂತ ಸುಮ್ನೆ ಒತ್ತಾಯಿಸಬೇಡಿ. ಅತಿಯಾದರೆ ಕಣ್ಣಿನ ರೆಟಿನಾಗೆ ಅಪಾಯ. ಹುಟ್ಟಿದ 4ನೇ ವಾರದ ಹೊತ್ತಿಗೆ ಆಗಬೇಕಾದ ಕಣ್ಣಿನ ತಪಾಸಣೆ ಯಾವಾಗ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.