ಸೀರೆ ಹಿಡ್ಕೊಂಡು ಬಾಗಿಲಿಗೆ ಓಡೋ ಗಿರಾಕಿ

ಪ್ರಶ್ನೆ: ನಮಸ್ತೆ ಸರ್, ಹಾಸನದ ಬಿ.ಎಂ. ರಸ್ತೆ ಕಡೆ ನಮ್ದು ದೊಡ್ಡ ಬಟ್ಟೆ ಅಂಗಡಿ, ಕೆಳಗೆ ಸೀರೆ, ಮೇಲೆ ರೆಡಿಮೇಡು. ನಾಲ್ಕಡಿ ಹಳೇ ಟ್ಯೂಬ್‌ಲೈಟು 120 ಇವೆ, ಎಲ್ಲ ಚೋಕಿನವು, ದಿನಕ್ಕೆ 11 ಗಂಟೆ ಉರೀತವೆ. ಎಲ್ಲ ತೆಗ್ಸಿ ಎಲ್‌ಇಡಿ ಹಾಕ್ಸೋಕೆ ನಮ್ಮ ತಂದೆಯವರು ಒಪ್ಪಿದಾರೆ. ಮೊದ್ಲು ಸೀರೆ ಕಡೆ 20 ಹಾಕಿ ನೋಡಿದ್ವಿ, ಬೆಳಕೇನೋ ಜಾಸ್ತಿ ಆಯ್ತು, ಆದ್ರೆ ಗಿರಾಕಿಗಳು ಸೀರೆ ಹಿಡ್ಕೊಂಡು ಬಾಗಿಲ ಹತ್ರ ಬಿಸಿಲಿಗೆ ಹೋಗಿ ನೋಡೋದೂ ಜಾಸ್ತಿ ಆಗಿದೆ. ಯಾಕೆ ಹೀಗೆ? ಕರೆಂಟು ನಿಜ್ವಾಗ್ಲೂ ಉಳಿಯುತ್ತಾ?
– ಅಂಗಡಿ ಮಾಲೀಕರು, ಹಾಸನ

ಉತ್ತರ: ಉಳಿಯೋ ಲೆಕ್ಕ ಸುಲಭ, ಅದನ್ನ ಮೊದ್ಲು ಮುಗಿಸಿಬಿಡೋಣ. 36 ವ್ಯಾಟಿನ ಟ್ಯೂಬು ಅಂತೀವಿ, ಆದ್ರೆ ತಾಮ್ರದ ಚೋಕು ತಿನ್ನೋ ಸುಮಾರು 10 ವ್ಯಾಟ್ ಸೇರಿದ್ರೆ 46 ಆಗುತ್ತೆ, ಅದೇ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಸಾಕು. ಒಂದಕ್ಕೆ 26 ವ್ಯಾಟ್ ಉಳಿದ್ರೆ 120ಕ್ಕೆ ಮೂರು ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು, 11 ಗಂಟೆಗೆ 34 ಯೂನಿಟ್, ತಿಂಗಳಿಗೆ ಸಾವಿರ ಯೂನಿಟ್ ಮೇಲೆ. ನಿಮ್ಮ ಚೆಸ್ಕಾಂ ಬಿಲ್ಲಲ್ಲಿ ಕಮರ್ಷಿಯಲ್ ದರ ಎಷ್ಟಿದೆ ನೋಡಿ ಗುಣಿಸ್ಕೊಳ್ಳಿ. ಎಸಿ ಇದ್ರೆ ಅದ್ರ ಕೆಲ್ಸಾನೂ ಕಮ್ಮಿ ಆಗುತ್ತೆ, ಲೈಟು ತಿನ್ನೋ ಕರೆಂಟೆಲ್ಲ ಕೊನೆಗೆ ಅಂಗಡಿ ಒಳಗೆ ಶಾಖನೇ ಆಗೋದು.

ಆದ್ರೆ ನನಗೆ ನಿಮ್ಮ ಪ್ರಶ್ನೆಲಿ ಮುಖ್ಯ ಅನ್ಸಿದ್ದು ಆ ಬಾಗಿಲಿಗೆ ಹೋಗೋ ಗಿರಾಕಿ. ಅವ್ರಿಗೆ ಬೆಳಕು ಸಾಲ್ತಾ ಇಲ್ಲ ಅಂತಲ್ಲ, ಕಾಣೋ ಬಣ್ಣದ ಮೇಲೆ ನಂಬಿಕೆ ಇಲ್ಲ. ನೀವು ಹಾಕ್ಸಿರೋದು ಬಹುಶಃ ನೀಲಿ ಛಾಯೆಯ 6500 ಕೆಲ್ವಿನ್ನಿನ ಮಾಮೂಲಿ ಟ್ಯೂಬು (ಕೆಲ್ವಿನ್ ಅಂದ್ರೆ ಬೆಳಕಿನ ಛಾಯೆಯ ಅಳತೆ, ಹೆಚ್ಚಾದಷ್ಟೂ ನೀಲಿ), ಅದ್ರಲ್ಲಿ ಕೆಂಪಿನ ಅಂಶ ಕಮ್ಮಿ, ಕುಂಕುಮದ ಬಣ್ಣದ ಸೀರೆ ಕಂದು ಕಂದಾಗಿ ಕಾಣುತ್ತೆ, ಜರಿ ಸತ್ತ ಹಾಗಿರುತ್ತೆ. ಅಂಗಡಿಯವರು ವ್ಯಾಟ್ ಕೇಳ್ತಾರೆ, ರೇಟ್ ಕೇಳ್ತಾರೆ, ಸಿಆರ್‌ಐ ಎಷ್ಟು ಅಂತ ಯಾರೂ ಕೇಳಲ್ಲ. ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದಕ್ಕೆ 100ರ ಮೇಲೆ ಕೊಡೋ ಅಂಕ ಅದು. ಮಾಮೂಲಿ ಎಲ್‌ಇಡಿ 80ರ ಆಸುಪಾಸು, ಸೀರೆ ಕಡೆಗೆ ನೀವು 90ಕ್ಕಿಂತ ಮೇಲಿಂದೇ ತಗೊಳ್ಳಿ, 4000 ಕೆಲ್ವಿನ್ ಸಾಕು. ಇನ್ನೊಂದು ವಿಷ್ಯ, ಆ ಅಂಕದ ಲೆಕ್ಕಕ್ಕೆ ತಗೊಳ್ಳೋದು 8 ತಿಳಿ ಬಣ್ಣ ಮಾತ್ರ, ಕಡುಗೆಂಪು ಅದ್ರಲ್ಲಿ ಸೇರೋದೇ ಇಲ್ಲ, ಅದಕ್ಕೆ ಆರ್9 ಅಂತ ಬೇರೆ ಅಂಕ ಇದೆ, ಮದುವೆ ಸೀರೆ ಮಾರೋರು ಅದನ್ನೂ ಕೇಳ್ಲೇಬೇಕು. ರೆಡಿಮೇಡ್ ಫ್ಲೋರಿಗೆ 80 ನಡೆಯುತ್ತೆ, ಅಲ್ಲಿ ದುಡ್ಡು ಸುರೀಬೇಡಿ.

ಆರ್ಡರ್ ಕೊಡೋ ಮುಂಚೆ ಎರಡು ಮೂರು ಸ್ಯಾಂಪಲ್ ತರ್ಸಿ, ಒಂದು ಕುಂಕುಮದ ಬಣ್ಣದ್ದು, ಒಂದು ನೇವಿ ಬ್ಲೂ, ಒಂದು ಕಪ್ಪು ಸೀರೆ ಒಂದೊಂದರ ಕೆಳಗೂ ಹರಡಿ ನೋಡಿ, ನೇವಿನೂ ಕಪ್ಪೂ ಬೇರೆ ಬೇರೆ ಅಂತ ತಕ್ಷಣ ಗೊತ್ತಾಗ್ಬೇಕು. ಮಧ್ಯಾಹ್ನ ಅದೇ ಸೀರೆಗಳನ್ನ ಬಾಗಿಲಿಗೆ ತಂದು ಹೋಲಿಸಿ, ಮನೆ ಹೆಣ್ಣುಮಕ್ಕಳನ್ನೂ ಕರ್ಸಿ ತೋರ್ಸಿ. ಮೊಬೈಲ್ ಕ್ಯಾಮೆರಾ ಹಿಡಿದಾಗ ಸ್ಕ್ರೀನಲ್ಲಿ ಪಟ್ಟೆ ಪಟ್ಟೆ ಓಡಿದ್ರೆ ಡ್ರೈವರ್, ಅಂದ್ರೆ ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡೋ ಸರ್ಕ್ಯೂಟು, ಚೆನ್ನಾಗಿಲ್ಲ ಅಂತ, ವಾಪಸ್ ಕಳ್ಸಿ.

ಹಳೇ ಜಾಗಕ್ಕೇ ಹೊಸದು ಸಿಗಿಸ್ಬೇಡಿ. ಸೀರೆ ಹಾಸಿ ತೋರ್ಸೋ ಗಾದಿ ಮೇಲೆ ನೇರ ಬೆಳಕು ಬೀಳ್ಬೇಕು, ಗಿರಾಕಿ ಬೆನ್ನ ಹಿಂದೆ ಲೈಟಿದ್ರೆ ಅವ್ರ ನೆರಳೇ ಸೀರೆ ಮೇಲೆ ಬೀಳುತ್ತೆ. ಗೋಡೆ ಕಪಾಟಿಗೆ ಟ್ರ್ಯಾಕ್ ಸ್ಪಾಟು (ಹಳಿ ಮೇಲೆ ಸರಿಸಿ ತಿರುಗಿಸೋ ಲೈಟು) ಹಾಕಿ ಸ್ವಲ್ಪ ವಾಲ್ಸಿ, ಕೆಳಗಿನ ಅರೆವರೆಗೂ ಬೆಳಕು ಹೋಗ್ಬೇಕು, ಕಣ್ಣಿಗೆ ಹೊಡೀಬಾರ್ದು. ಹಳೇ ಪಟ್ಟಿ ಇಟ್ಕೊಳ್ಳೋದಾದ್ರೆ ಚೋಕು, ಸ್ಟಾರ್ಟರು ಎರಡೂ ತೆಗ್ಸಿ, ವೈರಿಂಗ್ ಬದಲಾಗಿದೆ ಅಂತ ಪಟ್ಟಿ ಮೇಲೆ ಚೀಟಿ ಅಂಟ್ಸಿ, ಮುಂದೆ ಯಾರೋ ಹುಡುಗ ಗೊತ್ತಿಲ್ದೆ ಹಳೇ ಟ್ಯೂಬು ಸಿಕ್ಕಿಸಿದ್ರೆ ಕಷ್ಟ. ತೆಗೆದ ಟ್ಯೂಬಲ್ಲಿ ಪಾದರಸ ಇರುತ್ತೆ, ಒಡೆದು ಕಸಕ್ಕೆ ಹಾಕ್ಬೇಡಿ, ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ. ಆಷಾಢದಲ್ಲಿ ಮದುವೆ ಗಿರಾಕಿ ಕಮ್ಮಿ, ಆಗ ಮಾಡ್ಸಿ. ತಡ ಆದ್ರೂ ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಏಣಿ ಕೆಳಗಿಳಿದಿರ್ಬೇಕು, ಆ ಜನಜಂಗುಳಿಲಿ ಕೆಲ್ಸ ಆಗಲ್ಲ.

ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ದು ಸೂಪರ್‌ಮಾರ್ಕೆಟ್ಟು. ಎರಡು ವರ್ಷದ ಹಿಂದೆನೇ ಎಲ್‌ಇಡಿ ಹಾಕ್ಸಿದ್ವಿ, ಏಪ್ರಿಲ್, ಮೇ ಗುಡುಗು ಮಳೇಲಿ ಪ್ರತಿ ಸಲ ಐದಾರು ಹೋಗ್ತವೆ. ಕಂಪನಿ ಬದಲಾಯ್ಸಿದ್ರೂ ಅಷ್ಟೇ.
– ಓದುಗರು, ಚಿಕ್ಕಮಗಳೂರು

ಉತ್ತರ: ಹಾಗಾದ್ರೆ ತೊಂದರೆ ಬಲ್ಬಲ್ಲಿ ಇರ್ಲಾರ್ದು, ಲೈನಲ್ಲಿ ಹುಡುಕಿ. ಸಿಡಿಲಿಗೆ ಲೈನಲ್ಲಿ ಬರೋ ಹೊಡೆತ ತಡ್ಕೊಳ್ಳೋ ಶಕ್ತಿ ಸಣ್ಣ ಡ್ರೈವರಿಗೆ ಇರಲ್ಲ. ಮೇನ್ ಬೋರ್ಡಲ್ಲಿ ಸರ್ಜ್ ಪ್ರೊಟೆಕ್ಷನ್ ಹಾಕ್ಸಿ, ಅರ್ತಿಂಗ್ ಸರಿ ಇಲ್ದೆ ಅದು ಕೆಲ್ಸ ಮಾಡಲ್ಲ, ಹಾಗಾಗಿ ಅರ್ತಿಂಗ್ ಮೊದ್ಲು ಅಳೆಸಿ. ಮತ್ತೆ ನ್ಯೂಟ್ರಲ್, ಅಂದ್ರೆ ಕರೆಂಟು ವಾಪಸ್ ಹೋಗೋ ವೈರು, ನೋಡ್ಸಿ. ತ್ರೀ ಫೇಸಲ್ಲಿ ಅದು ಸಡಿಲ ಆದ್ರೆ ಲೋಡ್ ಕಮ್ಮಿ ಇರೋ ಫೇಸಿಗೆ 230 ಇರ್ಬೇಕಾದ ವೋಲ್ಟೇಜು 400ರ ಹತ್ರ ಏರ್ಬಹುದು. ಮಳೆ ಗಾಳಿಗೆ ಕಂಬದಿಂದ ಬರೋ ವೈರ್ ಅಲ್ಲಾಡೋ ಊರಲ್ಲಿ ಇದು ಆಗೋದು ಹೆಚ್ಚು. ನಿಮ್ಮ ಬೋರ್ಡೊಳಗಿನ ಸ್ಕ್ರೂ ಎಲೆಕ್ಟ್ರಿಷಿಯನ್ ಹತ್ರ ಬಿಗಿ ಮಾಡ್ಸಿ, ಮೀಟರಿಂದ ಆಚೆದಕ್ಕೆ ಮೆಸ್ಕಾಂಗೆ ದೂರು ಕೊಡಿ, ಮಳೆಗಾಲ ಶುರುವಾಗೋ ಮುಂಚೆನೇ ಕೊಡಿ.