ಸಿಮ್ಯುಲೇಟರಿನಲ್ಲಿ ಬಚ್ಚಿಟ್ಟ ತಪ್ಪು: ಒಂದು ಆಪ್ತಸಲಹೆ ಪ್ರಕರಣ

ವಿಮಾನಯಾನ ಸಂಸ್ಥೆಗಳ ಪೈಲಟ್ ಆಯ್ಕೆಗೆ ಹೋಗಿ ಒಮ್ಮೆ ಸೋತು, ಮತ್ತೆ ಹೋಗುವ ಮುನ್ನ ಆಪ್ತಸಲಹೆಗೆ ಬರುವವರು ಬಹುತೇಕ ಒಂದೇ ಬೇಡಿಕೆಯನ್ನು ಮುಂದಿಡುತ್ತಾರೆ: ಕೈ ನಡುಗಬಾರದು, ಬಾಯಿ ಒಣಗಬಾರದು, ಕಲಿತದ್ದು ಆ ಹೊತ್ತಿಗೆ ನೆನಪಿಗೆ ಬರಬೇಕು. ಬೇಡಿಕೆ ನ್ಯಾಯವಾದದ್ದೇ. ಉಸಿರಾಟದ ಅಭ್ಯಾಸ, ನಿದ್ರೆಯ ಶಿಸ್ತು ಮುಂತಾದವನ್ನು ನಾನೂ ಹೇಳಿಕೊಡುತ್ತೇನೆ. ಆದರೆ ಇಂಥವರ ಸೋಲಿನ ವಿವರವನ್ನು ನಿಧಾನವಾಗಿ ಬಿಡಿಸಿ ಕೇಳಿದಾಗ, ಭಯಕ್ಕಿಂತಲೂ ಹಳೆಯದಾದ ಇನ್ನೊಂದು ಅಭ್ಯಾಸ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಉಸಿರಾಟದಿಂದ ಹೋಗುವಂಥದ್ದಲ್ಲ. ಈಚಿನ ಒಂದು ಪ್ರಕರಣದಲ್ಲಿ ಅದು ಎಷ್ಟು ಸ್ಪಷ್ಟವಾಗಿ ಹೊರಬಂತೆಂದರೆ, ಬರೆದಿಡಬೇಕೆನಿಸಿತು.

ಈ ಅಭ್ಯರ್ಥಿಯ ವಯಸ್ಸು, ಊರು, ಗಂಡೋ ಹೆಣ್ಣೋ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕಟಣೆಗೆ ಅವರ ಒಪ್ಪಿಗೆಯಿದೆ. ಕಮರ್ಷಿಯಲ್ ಲೈಸೆನ್ಸ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಬರೀ ಉಪಕರಣಗಳನ್ನು ನೋಡಿ ಹಾರಿಸುವ ಅರ್ಹತೆ) ಪಡೆದ ಮೇಲೆ ಬಹುಕಾಲ ಕೆಲಸ ಸಿಗದೆ, ತರಬೇತಿಗೆ ಮಾಡಿದ ಸಾಲದ ಭಾರದಲ್ಲಿದ್ದವರು. ಒಂದು ಸಂಸ್ಥೆಯ ಲಿಖಿತ ಪರೀಕ್ಷೆಯನ್ನೂ ಮೊದಲ ಸಂದರ್ಶನವನ್ನೂ ದಾಟಿ ಸಿಮ್ಯುಲೇಟರ್ (ನೆಲದ ಮೇಲೆಯೇ ವಿಮಾನ ಹಾರಿಸಿದ ಅನುಭವ ಕೊಡುವ ಯಂತ್ರ) ಮೌಲ್ಯಮಾಪನದಲ್ಲಿ ನಿಂತುಹೋದರು. ಕಾರಣ ತಿಳಿಸದ, ಎರಡು ಸಾಲಿನ ಪತ್ರ ಬಂತು. ಆಮೇಲೆ ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಪ್ರಶ್ನೆಗಳ ದೊಡ್ಡ ಸಂಗ್ರಹವನ್ನು ಉತ್ತರಸಹಿತ ಬಾಯಿಪಾಠ ಮಾಡಿದರು, ಸಿಮ್ಯುಲೇಟರನ್ನು ಬಾಡಿಗೆಗೆ ಹಿಡಿದು ಕೈ ಪಳಗಿಸಿಕೊಂಡರು. ತರಬೇತುದಾರರ ಪ್ರಕಾರ ಅವರ ಹಾರಾಟದಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಆದರೂ ಹೊಸ ಸಂಸ್ಥೆಯಿಂದ ಕರೆ ಬಂದ ದಿನದಿಂದ ನಿದ್ರೆ ಹೋಗಿತ್ತು.

ನಾನು ಪೈಲಟ್ ಅಲ್ಲ, ಹಾರಿಸುವುದನ್ನು ಕಲಿಸುವುದೂ ಇಲ್ಲ. ಆದರೆ ಇಂಥ ಮೌಲ್ಯಮಾಪನದಲ್ಲಿ ಏನು ನಡೆಯುತ್ತದೆಂದು ತಿಳಿಯದೆ ಸಲಹೆ ಕೊಡುವುದು ಸಾಧ್ಯವಿಲ್ಲವಾದ್ದರಿಂದ ತಕ್ಕಮಟ್ಟಿಗೆ ಕೇಳಿ ತಿಳಿದಿದ್ದೇನೆ. ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳನ್ನು ಜೋಡಿಯಾಗಿ ಕೂರಿಸುತ್ತಾರೆ. ಒಬ್ಬರು ಹಾರಿಸಿದರೆ ಇನ್ನೊಬ್ಬರು ಮಾನಿಟರ್ ಮಾಡುತ್ತಾರೆ, ಅಂದರೆ ಉಪಕರಣಗಳನ್ನು ಗಮನಿಸುತ್ತ ತಪ್ಪಿದ್ದನ್ನು ಹೇಳುತ್ತಾರೆ. ಆಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ಆಟೊಪೈಲಟ್ ಮತ್ತು ಫ್ಲೈಟ್ ಡೈರೆಕ್ಟರ್ (ಮೂತಿ, ರೆಕ್ಕೆ ಎತ್ತ ತಿರುಗಿಸಬೇಕೆಂದು ಪರದೆಯಲ್ಲಿ ತೋರಿಸುವ ಸಾಧನ) ಎರಡನ್ನೂ ಬಂದ್ ಮಾಡಿ, ಬರೀ ಉಪಕರಣಗಳನ್ನು ನೋಡಿ ಹಾರಿಸಬೇಕು: ಟೇಕಾಫ್, 45 ಡಿಗ್ರಿ ವಾಲಿಕೆಯ ತಿರುವು, ಹೋಲ್ಡಿಂಗ್ (ಗೊತ್ತಾದ ಜಾಗದಲ್ಲಿ ಸುತ್ತುತ್ತ ಕಾಯುವುದು), ಐಎಲ್‌ಎಸ್ ಅಪ್ರೋಚ್ (ರನ್‌ವೇ ಬಳಿಯ ರೇಡಿಯೊ ಸಂಕೇತ ಹಿಡಿದು ಇಳಿಯುವುದು), ಗೋ-ಅರೌಂಡ್ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು), ಕೆಲವೆಡೆ ಒಂದು ಎಂಜಿನ್ ಕೈಕೊಡುವ ಸನ್ನಿವೇಶ. ಅಭ್ಯರ್ಥಿ ಎಂದೂ ಹಾರಿಸದ ವಿಮಾನದ ಸಿಮ್ಯುಲೇಟರ್ ಇರುವುದೂ ಉಂಟು. ತಿರುವಿನಲ್ಲಿ ಎತ್ತರ 100 ಅಡಿ, ವೇಗ 10 ನಾಟ್ ಹೆಚ್ಚುಕಡಿಮೆಯಾದರೆ ಸಹಿಸುವುದು ರೂಢಿಯಲ್ಲಿರುವ ಅಳತೆ. ಹೊಸ ಯಂತ್ರದಲ್ಲಿ, ಎದೆ ಹೊಡೆದುಕೊಳ್ಳುತ್ತಿರುವಾಗ, ಅದನ್ನು ಮೀರದೆ ಹಾರಿಸುವವರು ವಿರಳ. ಇದು ಮೌಲ್ಯಮಾಪಕರಿಗೆ ಗೊತ್ತಿರುವ ಸಂಗತಿ.

ಮೊದಲ ಕೆಲವು ಭೇಟಿಗಳಲ್ಲಿ ವಿಶೇಷವೇನೂ ಆಗಲಿಲ್ಲ. ತಿರುವು ಬಂದದ್ದು, ಸೋತ ಆ ಮೌಲ್ಯಮಾಪನವನ್ನು ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಅಂದು ಆಡಿಸಿದಂತೆಯೇ ಆಡಿಸುತ್ತ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳುವಂತೆ ಕೇಳಿದ ದಿನ. ಪೈಲಟ್‌ಗಳಿಗೆ ಇದು ಹೊಸದಲ್ಲ. ಅಭ್ಯಾಸಕ್ಕಾಗಿ ಕುರ್ಚಿಯಲ್ಲೇ ಹಾರಿಸುವುದು ಅವರಲ್ಲಿ ಹಳೆಯ ಪದ್ಧತಿ. ನಾನು ಕೇಳಿದ ಹೆಚ್ಚುವರಿ ಸಂಗತಿ ಒಂದೇ: ಪ್ರತಿ ಹಂತದಲ್ಲೂ ಕಣ್ಣು ಎಲ್ಲಿತ್ತು ಎಂಬುದನ್ನೂ ಹೇಳಬೇಕು.

ಟೇಕಾಫ್ ಸರಾಗವಾಗಿ ಮುಗಿಯಿತು. ಕಣ್ಣು ಕೃತಕ ದಿಗಂತದಿಂದ (ವಿಮಾನದ ವಾಲಿಕೆ ತೋರಿಸುವ ಉಪಕರಣ) ವೇಗಕ್ಕೆ, ವೇಗದಿಂದ ದಿಗಂತಕ್ಕೆ, ಅಲ್ಲಿಂದ ಎತ್ತರಕ್ಕೆ ಹೋಗುತ್ತಿತ್ತು. ಎಡಕ್ಕೆ 45 ಡಿಗ್ರಿ ತಿರುವು ಶುರುವಾಯಿತು.

“ಮೂತಿಯನ್ನು ಸ್ವಲ್ಪ ಹೆಚ್ಚೇ ಎತ್ತಿದೆ. ಎತ್ತರ 150 ಅಡಿ ಏರಿತು. ಆಗ ಬಲಕ್ಕೆ ನೋಡಿದೆ.”

“ಬಲಕ್ಕೆ ಯಾವ ಉಪಕರಣವಿದೆ?” ಎಂದು ಕೇಳಿದೆ.

“ಉಪಕರಣ ಅಲ್ಲ ಮೇಡಂ. ಪಕ್ಕದವರು ಗಮನಿಸಿದರೇ ಎಂದು ನೋಡಿದೆ. ಅವರು ಗಮನಿಸಿದ್ದರೆ ಹಿಂದೆ ಕುಳಿತ ಪರೀಕ್ಷಕರೂ ಗಮನಿಸಿರುತ್ತಾರಲ್ಲ.”

“ಅಷ್ಟು ಹೊತ್ತಿಗೆ ಎತ್ತರ ಎಷ್ಟಾಗಿತ್ತು?”

ಕುರ್ಚಿಯ ಮುಂದೆ ಗಾಳಿಯಲ್ಲಿ ಹಿಡಿದಿದ್ದ ಕೈ ಕೆಳಗಿಳಿಯಿತು. “ಗೊತ್ತಿಲ್ಲ. ತಿರುಗಿ ನೋಡುವಾಗ ಇನ್ನೂ ಏರಿತ್ತು.”

ಮುಂದಿನ ಭಾಗವನ್ನು, ಅಂದರೆ ಅವರು ಮಾನಿಟರ್ ಮಾಡಿದ ಅರ್ಧವನ್ನು, ಅವರಾಗಿಯೇ ಹೇಳುವ ಉದ್ದೇಶ ಕಾಣಲಿಲ್ಲ. ತಮ್ಮ ಹಾರಾಟ ಮುಗಿದೊಡನೆ ಕಥೆಯೂ ಮುಗಿಯಿತೆಂಬಂತೆ ನಿಲ್ಲಿಸಿದರು. ಕೇಳಿದ ಮೇಲೆ ಹೇಳಿದರು. ಜೊತೆಗಾರರು ಐಎಲ್‌ಎಸ್ ಹಿಡಿದು ಇಳಿಯುತ್ತಿದ್ದಾಗ ಲೋಕಲೈಸರ್ ಸೂಜಿ (ರನ್‌ವೇಯ ನೇರದಿಂದ ಪಕ್ಕಕ್ಕೆ ಸರಿದದ್ದನ್ನು ತೋರಿಸುವುದು) ಅರ್ಧಕ್ಕಿಂತ ಹೆಚ್ಚು ಜರುಗಿತ್ತು, ವೇಗವೂ ಕುಸಿಯುತ್ತಿತ್ತು. ಇವರು ಎರಡನ್ನೂ ಕಂಡಿದ್ದರು, ಬಾಯಿ ಬಿಡಲಿಲ್ಲ.

“ಹೇಳಿದ್ದರೆ ಅವರ ಅವಕಾಶ ಹಾಳಾಗುತ್ತಿತ್ತು. ಅವರೂ ನನ್ನ ಹಾಗೆ ಸಾಲ ಮಾಡಿ ಬಂದವರು. ಜೊತೆಗೆ ಬಂದವರನ್ನು ಪರೀಕ್ಷಕರ ಮುಂದೆ ಹಿಡಿದುಕೊಡುವುದು ಹೇಗೆ?”

ಅವರ ತೊಂದರೆಯೆಲ್ಲ ಈ ಎರಡು ಉತ್ತರಗಳಲ್ಲಿತ್ತು ಎಂಬುದು ನನ್ನ ಅಭಿಪ್ರಾಯ. ತನ್ನ ತಪ್ಪನ್ನು ಬೇರೆಯವರು ಕಾಣದಿರಲಿ ಎಂಬ ಆತುರವೂ ಬೇರೆಯವರ ತಪ್ಪನ್ನು ಮುಚ್ಚುವ ಸೌಜನ್ಯವೂ ಒಂದೇ ಬೇರಿನವು. ವರ್ಷಗಟ್ಟಲೆ ಅಂಕಗಳಿಗಾಗಿ ಓದಿದವರಲ್ಲಿ ಇದು ಬೆಳೆದಿರುತ್ತದೆ. ಉತ್ತರಪತ್ರಿಕೆಯಲ್ಲಿ ಪರೀಕ್ಷಕರ ಕಣ್ಣು ತಪ್ಪಿದ ದೋಷ ದೋಷವಲ್ಲ, ಲಾಭ. ಕಾಕ್‌ಪಿಟ್‌ನಲ್ಲಿ ಯಾರ ಕಣ್ಣಿಗೂ ಬೀಳದ ದೋಷದಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲ.

ಇದು ಉಪದೇಶದ ಮಾತಲ್ಲ, ಇದಕ್ಕೆ ದಾಖಲೆಯಿದೆ. 1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ, ಒಂದು ಡಿಸಿ-8, ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಲ್ಯಾಂಡಿಂಗ್ ಗೇರಿನ (ಇಳಿಯುವ ಚಕ್ರಗಳ) ತೊಂದರೆಯಿಂದಾಗಿ ಸುಮಾರು ಒಂದು ಗಂಟೆ ಸುತ್ತು ಹಾಕುತ್ತಲೇ ಇದ್ದು, ಕೊನೆಗೆ ಇಂಧನ ಮುಗಿದು ಬಿತ್ತು. ಅದರಲ್ಲಿದ್ದ 189 ಜನರಲ್ಲಿ 10 ಮಂದಿ ಸತ್ತರು. ಇಂಧನ ಇಳಿಯುತ್ತಿರುವುದು ಕ್ಯಾಪ್ಟನ್ ಜೊತೆಗಿದ್ದವರಿಗೆ ಕಾಣದೇ ಇರಲಿಲ್ಲ. ಅದರ ಮಾತೂ ಬಂದಿತ್ತು. ಆದರೆ ಆ ಮಾತು, ಗೇರಿನಲ್ಲೇ ಮುಳುಗಿದ್ದ ಕ್ಯಾಪ್ಟನ್ನರನ್ನು ಎಚ್ಚರಿಸುವಷ್ಟು ಗಟ್ಟಿಯಾಗಿರಲಿಲ್ಲ. ಕಿರಿಯ ಸಿಬ್ಬಂದಿ ದೃಢವಾಗಿ ಮಾತಾಡುವ ತರಬೇತಿ ಪಡೆಯಬೇಕೆಂಬ ಶಿಫಾರಸು ಈ ಅಪಘಾತದ ತನಿಖೆಯಿಂದ ಬಂತು. 1979ರಲ್ಲಿ ನಾಸಾ ಇದೇ ವಿಷಯದ ಮೇಲೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಸಿಬ್ಬಂದಿಗಾಗಿ ತರಬೇತಿಯನ್ನೇ ಆರಂಭಿಸಿತು. ಇಂದು ಪ್ರತಿಯೊಬ್ಬ ಪೈಲಟ್ ಕಲಿಯುವ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಸಿಬ್ಬಂದಿ ತಂಡವಾಗಿ ದುಡಿಯುವ ವಿಧಾನ) ಬೆಳೆದದ್ದು ಹೀಗೆ. ನನ್ನೆದುರು ಕುಳಿತವರೂ ಸಿಆರ್‌ಎಂ ಓದಿದ್ದರು, ಅದರ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸಬಲ್ಲವರಾಗಿದ್ದರು. ವ್ಯಾಖ್ಯೆ ಒಪ್ಪಿಸಬಲ್ಲವರೇ ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ ಎಂಬುದೇ ನನಗೆ ಆತಂಕ ತಂದದ್ದು.

ನಾನು ಕೊಟ್ಟ ಸಲಹೆ ಚಿಕ್ಕದು. ಅಳತೆ ಮೀರಿದ್ದು ಕಂಡ ಕ್ಷಣವೇ ಅದನ್ನು ಹೇಳಬೇಕು, ಹೇಳುತ್ತಲೇ ಸರಿಪಡಿಸಬೇಕು: “ಹೈ, ಕರೆಕ್ಟಿಂಗ್” (ಎತ್ತರ ಹೆಚ್ಚಾಗಿದೆ, ಸರಿಪಡಿಸುತ್ತಿದ್ದೇನೆ). ಅಷ್ಟೇ. ಅದಕ್ಕೆ ಮುಂಚೆ ಅಥವಾ ಆಮೇಲೆ “ಸಾರಿ” ಬರಕೂಡದು, ಏಕೆಂದರೆ ಕ್ಷಮೆ ಕೇಳುವವರು ಮತ್ತೆ ಪರೀಕ್ಷಕರ ಕಡೆಗೇ ತಿರುಗಿರುತ್ತಾರೆ. ಮಾನಿಟರ್ ಮಾಡುವಾಗ ಜೊತೆಗಾರರ ವಿಷಯದಲ್ಲೂ ಅದೇ ದನಿ, ಅದೇ ಚುಟುಕು: “ಸ್ಪೀಡ್”, “ಲೋಕಲೈಸರ್”. ಅವರು ಉತ್ತರಿಸದಿದ್ದರೆ ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ. 1000 ಅಡಿಗೆ ಅಪ್ರೋಚ್ ಸ್ಥಿರವಾಗಿಲ್ಲದಿದ್ದರೆ “ಗೋ-ಅರೌಂಡ್” ಎನ್ನಲು ಹಿಂಜರಿಯಬಾರದು. ಸಿಮ್ಯುಲೇಟರಿಗೆ ಹೋಗುವ ಮುನ್ನ ಜೊತೆಗಾರರ ಬಳಿ ಹೋಗಿ, “ನನ್ನದು ತಪ್ಪಿದರೆ ನೀವು ಹೇಳಿ, ನಿಮ್ಮದು ತಪ್ಪಿದರೆ ನಾನು ಹೇಳುತ್ತೇನೆ” ಎಂದು ಮೊದಲೇ ಮಾತಾಡಿಕೊಂಡರೆ, ಹಿಡಿದುಕೊಡುವ ಪ್ರಶ್ನೆಯೇ ಉಳಿಯುವುದಿಲ್ಲ. ಮನೆಯಲ್ಲಿ ಕುರ್ಚಿಯ ಮೇಲೆ ಅಭ್ಯಾಸ ಮಾಡುವಾಗ ತಪ್ಪಿಲ್ಲದ ಹಾರಾಟವನ್ನು ಕಲ್ಪಿಸಿಕೊಳ್ಳುವುದನ್ನು ಬಿಡಿಸಿದೆ. ಮನೆಯವರೊಬ್ಬರು ಮಧ್ಯೆ ಮಧ್ಯೆ “ಎತ್ತರ ಇಳಿದಿದೆ”, “ವೇಗ ಹೆಚ್ಚಾಗಿದೆ” ಎನ್ನುತ್ತಿರಬೇಕು, ಇವರು ಅದಕ್ಕೆ ಬಾಯಿಂದಲೂ ಕೈಯಿಂದಲೂ ಉತ್ತರಿಸಬೇಕು. ಪರೀಕ್ಷೆಯ ಹಿಂದಿನ ದಿನಕ್ಕೆ ಕಾದಿರಿಸಿದ್ದ ಬಾಡಿಗೆ ಸಿಮ್ಯುಲೇಟರ್ ಅವಧಿಯನ್ನು ರದ್ದುಮಾಡಿ ಮಲಗುವಂತೆಯೂ ಹೇಳಿದೆ.

ಇದಕ್ಕೆ ವಿರೋಧ ಬಂತು. ಅಭ್ಯರ್ಥಿಯ ಹಿತೈಷಿಗಳೊಬ್ಬರು, ಪರೀಕ್ಷಕರು ಗಮನಿಸದೇ ಹೋಗಬಹುದಾಗಿದ್ದ ತಪ್ಪನ್ನು ತಾನಾಗಿ ಬಾಯಿಬಿಟ್ಟು ಹೇಳುವುದು ಮೂರ್ಖತನವೆಂದೂ, ಆಪ್ತಸಲಹೆಗಾರರು ಧೈರ್ಯ ತುಂಬಿದರೆ ಸಾಕೆಂದೂ ಹೇಳಿಕಳಿಸಿದರು. ನನ್ನ ಉತ್ತರ ಇದು: ಪರೀಕ್ಷಕರ ಆಸನದ ಮುಂದೆ ಎತ್ತರ, ವೇಗ, ದಿಕ್ಕು ಎಲ್ಲವನ್ನೂ ತೋರಿಸುವ ಪರದೆಗಳಿರುತ್ತವೆ. ಹಾರಿಸಿದ ದಾರಿಯನ್ನು ಗೆರೆಯಾಗಿ ತೆಗೆದು ನೋಡಲೂ ಬರುತ್ತದೆ. 150 ಅಡಿ ಏರಿದ್ದು ಅವರಿಗೆ ಗೊತ್ತಿದೆ. ಅದು ನಿಮಗೆ ಗೊತ್ತಾಯಿತೇ ಎಂಬುದೊಂದೇ ಅವರಿಗೆ ಗೊತ್ತಿರುವುದಿಲ್ಲ, ಅದನ್ನು ನೀವು ಹೇಳದ ಹೊರತು ತಿಳಿಯುವ ದಾರಿಯೂ ಇಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪಟ್ಟಿ ಮಾಡಿರುವ ಪೈಲಟ್ ಸಾಮರ್ಥ್ಯಗಳಲ್ಲಿ ಕೈಯಿಂದ ಹಾರಿಸುವ ಕೌಶಲ ಒಂದು. ಸಂವಹನ, ತಂಡವಾಗಿ ದುಡಿಯುವುದು, ಪರಿಸ್ಥಿತಿಯ ಅರಿವು, ಕೆಲಸದ ಹೊರೆಯ ನಿರ್ವಹಣೆ ಅದರ ಪಕ್ಕದಲ್ಲೇ ನಿಲ್ಲುತ್ತವೆ. ಇನ್ನು ಧೈರ್ಯ ತುಂಬುವ ಮಾತು. ಬಚ್ಚಿಡುವ ಅಭ್ಯಾಸವಿರುವವರಿಗೆ ಧೈರ್ಯ ತುಂಬಿದರೆ ಅವರು ಇನ್ನಷ್ಟು ನಿಪುಣವಾಗಿ ಬಚ್ಚಿಡುತ್ತಾರೆ, ಅಷ್ಟೇ. ಆ ಕೆಲಸಕ್ಕೆ ನಾನು ಒಪ್ಪಲಾರೆ; ಅವರ ಹಿಂದೆ ಮುಂದೊಂದು ದಿನ ನೂರಾರು ಪ್ರಯಾಣಿಕರು ಕೂರಲಿದ್ದಾರೆ.

ಇದೇ ಅಭ್ಯಾಸ ಸಿಮ್ಯುಲೇಟರಿನ ಹೊರಗೂ ಇತ್ತು. ಎದೆಬಡಿತ ತಗ್ಗಿಸುವ ಮಾತ್ರೆಯನ್ನು ಯಾರಿಗೂ ತಿಳಿಸದೆ ನುಂಗಿ ಹೋಗಬಹುದೇ ಎಂದು ಅವರು ಒಮ್ಮೆ ಕೇಳಿದ್ದರು. ವಿಮಾನಯಾನ ವೈದ್ಯಕೀಯ ಪರೀಕ್ಷಕರ ಅನುಮತಿಯಿಲ್ಲದೆ ಯಾವ ಮಾತ್ರೆಯೂ ಬೇಡವೆಂದು ಖಂಡಿತವಾಗಿ ಹೇಳಿದೆ. ನನ್ನ ಬಳಿ ಬಂದದ್ದು ಎಲ್ಲಾದರೂ ದಾಖಲಾಗುತ್ತದೆಯೇ ಎಂಬ ಭಯವೂ ಅವರಿಗಿತ್ತು. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಕೋ-ಪೈಲಟ್ ಬೇಕೆಂದೇ ಬೆಟ್ಟಕ್ಕೆ ಅಪ್ಪಳಿಸಿ 150 ಜನ ಸತ್ತ ಮೇಲೆ, ಮನಸ್ಸಿನ ತೊಂದರೆಗೆ ನೆರವು ಕೇಳುವ ಪೈಲಟ್‌ಗಳನ್ನು ಅನುಮಾನದಿಂದ ನೋಡುವವರು ಹೆಚ್ಚಿದರು. ಆದರೆ ಆ ದುರಂತದಿಂದ ಯುರೋಪಿನ ನಿಯಂತ್ರಕರು ತೆಗೆದ ತೀರ್ಮಾನಗಳಲ್ಲಿ ಒಂದು ಇದಕ್ಕೆ ವಿರುದ್ಧ ದಿಕ್ಕಿನದು: ಪೈಲಟ್‌ಗಳು ಸಹೋದ್ಯೋಗಿಗಳ ಬಳಿ ಮನಬಿಚ್ಚಿ ಹೇಳಿಕೊಳ್ಳುವ ನೆರವಿನ ವ್ಯವಸ್ಥೆ ಇರಬೇಕೆಂದು ಅಲ್ಲಿನ ವಿಮಾನಯಾನ ಸಂಸ್ಥೆಗಳಿಗೆ ಕಡ್ಡಾಯ ಮಾಡಿದರು. ವೈದ್ಯಕೀಯ ಅರ್ಜಿಯಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕೆಂದೂ, ಬರೆಯುವ ಮುನ್ನ ಸಂದೇಹಗಳನ್ನು ವೈದ್ಯಕೀಯ ಪರೀಕ್ಷಕರಲ್ಲೇ ಕೇಳಬೇಕೆಂದೂ ಹೇಳಿದೆ.

ಎರಡನೆಯ ಸಂಸ್ಥೆಯ ಸಿಮ್ಯುಲೇಟರ್ ಮೌಲ್ಯಮಾಪನದಲ್ಲಿ ಅವರು ಉತ್ತೀರ್ಣರಾದರು. ಎತ್ತರ ಆಗಲೂ ತಪ್ಪಿತ್ತಂತೆ. ಅವರು ಹೇಳಿದರು, ಸರಿಪಡಿಸಿದರು, ಹಾರಾಟ ಮುಂದುವರಿಯಿತು. ಅಂತಿಮ ಸಂದರ್ಶನಕ್ಕೆ ಸಿದ್ಧರಾಗಲು ಮತ್ತೆ ಬಂದಾಗ ನಮ್ಮ ನಡುವೆ ಚರ್ಚೆಯಾದದ್ದು ಒಂದೇ ಪ್ರಶ್ನೆಯ ಬಗ್ಗೆ: “ಇದಕ್ಕೆ ಮುಂಚೆ ಯಾವುದಾದರೂ ಆಯ್ಕೆಯಲ್ಲಿ ಸೋತಿದ್ದೀರಾ?” ಅವರ ಬಳಿ ಒಂದು ಪುಟದ ಉತ್ತರವಿತ್ತು, ಅದರಲ್ಲಿ ಸೋಲು ಎಲ್ಲಿದೆಯೆಂದು ಹುಡುಕಬೇಕಿತ್ತು. ಉಳಿದದ್ದೆಲ್ಲ ಹೊಡೆದುಹಾಕಿ ನಾಲ್ಕು ವಾಕ್ಯಗಳಿಗೆ ಇಳಿಸಿದೆವು: “ಹೌದು, ಒಂದು ಸಿಮ್ಯುಲೇಟರ್ ಮೌಲ್ಯಮಾಪನದಲ್ಲಿ. ಅವರು ಕಾರಣ ತಿಳಿಸಲಿಲ್ಲ. ಜೊತೆಗಾರರ ಅಪ್ರೋಚ್ ಅಳತೆ ಮೀರಿದ್ದು ಕಂಡೂ ನಾನು ಹೇಳಲಿಲ್ಲ, ನನ್ನ ತಿರುವಿನಲ್ಲೂ ಎತ್ತರ ತಪ್ಪಿದಾಗ ಗಮನ ಬೇರೆಡೆ ಹೋಯಿತು. ಆಮೇಲಿನ ಅಭ್ಯಾಸದಲ್ಲಿ ಕಂಡದ್ದನ್ನು ಕೂಡಲೇ ಹೇಳುವುದನ್ನು ರೂಢಿಸಿಕೊಂಡೆ.” ಇದಕ್ಕೆ “ಆ ಸಿಮ್ಯುಲೇಟರ್ ನನಗೆ ಹೊಸದಾಗಿತ್ತು” ಎಂಬ ಐದನೆಯ ವಾಕ್ಯವನ್ನು ಸೇರಿಸಲು ಅವರು ಪಟ್ಟು ಹಿಡಿದರು. ಜೊತೆಗಾರರಿಗೆ ಅದು ಹಳೆಯದಾಗಿತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಅವರೇ ಆ ಸಾಲನ್ನು ಹೊಡೆದುಹಾಕಿದರು.